ಬರಹಗಾರರ ಮಾಸಿಕ ಕೂಟಕ್ಕೆ ಗ್ರಂಥಾಲಯದ ಬಾಗಿಲು ತೆರೆಯಲಿ

ಮಾನ್ಯ ಸಂಪಾದಕರೇ,

ರಾಯಚೂರು ಜಿಲ್ಲೆಯಲ್ಲಿ ಸಾಹಿತ್ಯ ಕಾರ್ಯಕ್ರಮಗಳಿಗೆ ಬರವಿಲ್ಲ. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಕವಿಗೋಷ್ಠಿಗಳು, ಅವುಗಳ ಬೆನ್ನಿಗೇ ತಾಲ್ಲೂಕು ಮತ್ತು ಜಿಲ್ಲಾ ಸಮ್ಮೇಳನಗಳು, ನಡುನಡುವೆ ದತ್ತಿ ಉಪನ್ಯಾಸ, ಪುಸ್ತಕ ಬಿಡುಗಡೆ, ಸನ್ಮಾನ ಎಂದು ಆಮಂತ್ರಣ ಪತ್ರಿಕೆಗಳು ಬರುತ್ತಲೇ ಇರುತ್ತವೆ. ಇಷ್ಟೆಲ್ಲ ಇದ್ದರೂ, ತಾನು ಬರೆದ ಕಥೆಯನ್ನೋ ಕವಿತೆಯನ್ನೋ ನಾಲ್ಕು ಜನ ಬಲ್ಲವರ ಮುಂದೆ ಪೂರ್ತಿಯಾಗಿ ಓದಿ, ಎಲ್ಲಿ ಕೂಡಿಬಂದಿದೆ, ಎಲ್ಲಿ ಸಡಿಲವಾಗಿದೆ ಎಂದು ಕೇಳಿ ತಿಳಿಯುವುದಕ್ಕೆ ಹೊಸ ಬರಹಗಾರರಿಗೆ ಒಂದು ಖಾಯಂ ಕೂಟ ನಮ್ಮ ಬಹುತೇಕ ಊರುಗಳಲ್ಲಿ ಕಾಣುತ್ತಿಲ್ಲ. ಅಂಥ ಕೂಟಗಳು ತಿಂಗಳಿಗೊಮ್ಮೆ ತಪ್ಪದೆ ನಡೆಯಬೇಕು, ಅವುಗಳಿಗೆ ಸಾರ್ವಜನಿಕ ಗ್ರಂಥಾಲಯಗಳ ವಾಚನಾಲಯಗಳನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಡಬೇಕು ಎಂದು ಕೋರುವುದಕ್ಕಾಗಿ ಈ ಪತ್ರ.

ಈಗಿನ ಕವಿಗೋಷ್ಠಿಗಳು ಹೇಗೆ ನಡೆಯುತ್ತವೆಂಬುದು ಅಲ್ಲಿ ಕುಳಿತವರಿಗೆಲ್ಲ ಗೊತ್ತು. ಹತ್ತು ಗಂಟೆಯ ಕಾರ್ಯಕ್ರಮ ಉದ್ಘಾಟಕರು ಬರುವ ತನಕ ಕಾದು ಹನ್ನೆರಡಕ್ಕೆ ಶುರುವಾಗುತ್ತದೆ. ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ವೇದಿಕೆಯ ಮೇಲಿನ ಎಲ್ಲರಿಗೂ ಶಾಲು ಹಾರ, ಬಳಿಕ ಸಾಲು ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಊಟದ ನಂತರ ಮೂವತ್ತು ನಲವತ್ತು ಕವಿಗಳು ಸರದಿಗೆ ಕಾಯುತ್ತಾರೆ. ನಿರೂಪಕರು ಮೈಕಿನಲ್ಲಿ ‘ಸಮಯದ ಅಭಾವವಿದೆ, ದಯವಿಟ್ಟು ಎರಡೇ ನುಡಿ ಓದಿ’ ಎಂದು ಕೇಳಿಕೊಳ್ಳುತ್ತಾರೆ. ಓದಿದವರು ಪ್ರಮಾಣಪತ್ರ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಡುತ್ತಾರೆ, ಕೊನೆಗೆ ಗೋಷ್ಠಿಯ ಅಧ್ಯಕ್ಷರು ಖಾಲಿ ಕುರ್ಚಿಗಳನ್ನು ಉದ್ದೇಶಿಸಿ ಮಾತಾಡುತ್ತಾರೆ. ಸಂಘಟಕರ ಶ್ರಮವನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಕೈಯಿಂದ ಹಣ ಹಾಕಿ ಪೆಂಡಾಲು ಹಾಕಿಸುವವರು, ಮನೆಮನೆಗೆ ಹೋಗಿ ಪತ್ರಿಕೆ ಕೊಟ್ಟುಬರುವವರು ನಮ್ಮ ನಡುವೆ ಇದ್ದಾರೆ. ಆದರೆ ಇಡೀ ದಿನ ಕಾದ ಹುಡುಗಿಯೊಬ್ಬಳಿಗೆ ತನ್ನ ಕವಿತೆಯ ಬಗ್ಗೆ ಒಂದು ಮಾತೂ ಸಿಗದೆ ಹೋಗುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ಈ ಸೀಮೆಯ ಸಾಹಿತ್ಯ ಬೆಳೆದದ್ದು ಒಬ್ಬರ ಎದುರು ಒಬ್ಬರು ಕುಳಿತು ಹಾಡಿ, ಕೇಳಿ, ತಿದ್ದಿಕೊಂಡದ್ದರಿಂದ. ಚೀಕಲಪರ್ವಿಯ ವಿಜಯದಾಸರಿಂದ ಮೊಸರಕಲ್ಲಿನ ಗೋಪಾಲದಾಸರಿಗೆ, ಅವರಿಂದ ಬ್ಯಾಗವಾಟದ ಜಗನ್ನಾಥದಾಸರಿಗೆ ದಾಸ ಪರಂಪರೆ ಹರಿದುಬಂದದ್ದು ಮಾನ್ವಿ, ದೇವದುರ್ಗಗಳ ಅಕ್ಕಪಕ್ಕದ ಹಳ್ಳಿಗಳಲ್ಲಿ, ಗುರುಶಿಷ್ಯರ ಒಡನಾಟದಲ್ಲಿ. ತತ್ವಪದಗಳು ಉಳಿದದ್ದು ಏಕತಾರಿ ದಮ್ಮಡಿ ಹಿಡಿದು ರಾತ್ರಿಯಿಡೀ ಕೂರುವ ಭಜನಾ ಮೇಳಗಳಲ್ಲಿ. ಉರ್ದು ಮುಶಾಯಿರಾದಲ್ಲಿ ಒಳ್ಳೆಯ ಸಾಲು ಬಂದಾಗ ಕೇಳುಗರು ಅದನ್ನು ಮತ್ತೆ ಹೇಳಿಸುತ್ತಾರೆ, ಸಪ್ಪೆ ಸಾಲಿಗೆ ಸುಮ್ಮನಿರುತ್ತಾರೆ. ಅದು ಕವಿಗೆ ಅಲ್ಲೇ ಸಿಗುವ ವಿಮರ್ಶೆ. ಕನ್ನಡ ಗಜಲ್‌ಗೆ ದಾರಿ ಹಾಕಿಕೊಟ್ಟ, 2006ರ ಬೀದರ್ ಸಮ್ಮೇಳನದ ಅಧ್ಯಕ್ಷರಾಗಿದ್ದ ಶಾಂತರಸರು ಇದೇ ರಾಯಚೂರಿನವರು. ಉರ್ದು ಮತ್ತು ಕನ್ನಡ ಒಂದೇ ಓಣಿಯಲ್ಲಿ ಬದುಕಿದ ಊರಲ್ಲಿ ಆ ಪ್ರಕಾರ ಕನ್ನಡಕ್ಕೆ ಒಗ್ಗಿಕೊಂಡದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

ದೊಡ್ಡ ಸಮ್ಮೇಳನಗಳೂ ಬೇಕು. ನಿಜಾಮರ ಆಳ್ವಿಕೆಯಲ್ಲಿ, ಆಡಳಿತವೆಲ್ಲ ಉರ್ದುವಿನಲ್ಲಿದ್ದ ಕಾಲದಲ್ಲಿ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನಡೆದದ್ದು ಇಲ್ಲಿನ ಕನ್ನಡಿಗರಿಗೆ ಎಷ್ಟು ಬಲ ಕೊಟ್ಟಿರಬೇಕೆಂದು ಊಹಿಸಬಹುದು. 2016ರ ಡಿಸೆಂಬರಿನಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯ 82ನೇ ಸಮ್ಮೇಳನಕ್ಕೂ ಜನ ಕಿಕ್ಕಿರಿದು ಬಂದಿದ್ದರು, ಪುಸ್ತಕ ಮಳಿಗೆಗಳ ಮುಂದೆ ಹೆಜ್ಜೆಯಿಡಲು ಜಾಗವಿರಲಿಲ್ಲ. ಅಲ್ಲಿ ಪುಸ್ತಕ ಕೊಂಡ ಎಷ್ಟೋ ಯುವಕರು ಆಮೇಲೆ ಬರೆಯಲು ತೊಡಗಿದ್ದಾರೆ. ಅವರು ಪ್ರತಿ ತಿಂಗಳು ಎಲ್ಲಿ ಸೇರಬೇಕು ಎಂಬುದಕ್ಕೆ ಮಾತ್ರ ನಮ್ಮಲ್ಲಿ ಉತ್ತರವಿಲ್ಲ.

ಸಣ್ಣ ಕೂಟದಿಂದ ಏನಾಗುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಸಿಂಧನೂರಿನಲ್ಲಿ ಗೆಳತಿಯೊಬ್ಬರ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದೆವು. ಕಥೆ ಬರೆದ ತರುಣಿ ಒಂದು ವಾರ ಮೊದಲೇ ಎಲ್ಲರಿಗೂ ಝೆರಾಕ್ಸ್ ಪ್ರತಿ ಮುಟ್ಟಿಸಿದ್ದಳು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಹಳ್ಳಿಯಲ್ಲಿ, ಭತ್ತದ ನಾಟಿಯ ದಿನ ಎರಡು ಮನೆಗಳ ನಡುವೆ ಹತ್ತುವ ಜಗಳ ಅವಳ ಕಥೆಯ ವಸ್ತು. ಭಾಷೆ ಚೊಕ್ಕವಾಗಿತ್ತು, ನಾವು ಮೇಷ್ಟ್ರುಗಳೆಲ್ಲ ಹೊಗಳಿದೆವು. ಅದುವರೆಗೆ ಸುಮ್ಮನಿದ್ದ ಸಿರವಾರ ಕಡೆಯ ಹಿರಿಯ ರೈತರೊಬ್ಬರು, ‘ತಂಗೀ, ನೀ ಬರೆದ ಹೊತ್ತಿಗೆ ನಮ್ಮ ಕಡಿ ಕಾಲುವಿಗೆ ನೀರೇ ಮುಟ್ಟಿರಂಗಿಲ್ಲವಾ. ಮ್ಯಾಲಿನವರು ನಾಟಿ ಮುಗಿಸಿರತಾರ, ನಾವಿನ್ನೂ ಸಸಿಮಡಿ ಮುಂದ ಕುಂತಿರತೀವಿ’ ಎಂದರು. ಜಗಳ ನೆರೆಮನೆಯವರ ನಡುವೆ ಹತ್ತುವುದಕ್ಕಿಂತ ಮೊದಲು ಮೇಲ್ಭಾಗದವರ ಮೇಲಿನ ಸಿಟ್ಟಾಗಿರುತ್ತದೆ, ಅದು ತಿರುಗಿ ಪಕ್ಕದ ಮನೆಯ ಮೇಲೆ ಬೀಳುತ್ತದೆ ಎಂದೂ ಅವರು ವಿವರಿಸಿದರು. ಮುಂದಿನ ಸಲ ಆಕೆ ತಂದ ಕಥೆಯಲ್ಲಿ ನಾಟಿಯೇ ಇರಲಿಲ್ಲ. ಸಸಿಮಡಿ ಬಲಿತು ಹಳದಿಯಾಗುವುದನ್ನು ನೋಡುತ್ತ ಕುಳಿತ ಎರಡು ಸಂಸಾರಗಳಿದ್ದವು. ಕಥೆ ಎಷ್ಟೋ ಪಾಲು ಮೇಲಾಗಿತ್ತು. ಯಾವ ವೇದಿಕೆಯ ಮೇಲೂ ಆ ಮಾತು ಆಕೆಗೆ ಸಿಗುತ್ತಿರಲಿಲ್ಲ.

ಮನೆಗಳಲ್ಲಿ ನಡೆಯುವ ಕೂಟಗಳಿಗೆ ಆಯುಷ್ಯ ಕಡಿಮೆ. ಮನೆಯವರಿಗೆ ವರ್ಗವಾದರೆ, ಯಾರಿಗಾದರೂ ಕಾಯಿಲೆಯಾದರೆ ಕೂಟವೇ ನಿಂತುಹೋಗುತ್ತದೆ. ಪರಿಚಯವಿಲ್ಲದವರ ಮನೆಗೆ ಹೋಗಲು ಹೊಸಬರು, ಮುಖ್ಯವಾಗಿ ಹೆಣ್ಣುಮಕ್ಕಳು, ಹಿಂಜರಿಯುತ್ತಾರೆ. ಸಭಾಭವನಗಳ ಬಾಡಿಗೆ ಇಂಥ ಗುಂಪುಗಳ ಕೈಗೆಟುಕುವಂಥದ್ದಲ್ಲ, ಹದಿನೈದು ಜನರಿಗೆ ಅಷ್ಟು ದೊಡ್ಡ ಜಾಗದ ಅಗತ್ಯವೂ ಇಲ್ಲ. ಗ್ರಂಥಾಲಯ ಎಲ್ಲರಿಗೂ ಸೇರಿದ ಸ್ಥಳ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವು ಕಟ್ಟುತ್ತ ಬಂದಿದ್ದೇವೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿ ಮಕ್ಕಳಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನೆರವಾಗುತ್ತಿರುವುದು ಸಂತೋಷದ ವಿಷಯ. ಪುಸ್ತಕ ಓದುವವರಿಗೆ ತೆರೆದ ಆ ಬಾಗಿಲು ಪುಸ್ತಕ ಬರೆಯಲು ಹೊರಟವರಿಗೂ ತಿಂಗಳಲ್ಲಿ ಮೂರು ತಾಸು ತೆರೆದಿರಲಿ ಎಂಬುದಷ್ಟೇ ಕೋರಿಕೆ. ಬೇಕಾದುದು ದುಂಡಗೆ ಹಾಕಿದ ಕುರ್ಚಿಗಳು, ಫ್ಯಾನು, ಕುಡಿಯುವ ನೀರು. ಮೈಕು, ಬ್ಯಾನರು ಬೇಡ. ಓದುಗರಿಗೆ ತೊಂದರೆಯಾಗದಂತೆ ವಾಚನಾಲಯದ ವೇಳೆ ಮುಗಿದ ಮೇಲೆ ಕೊಟ್ಟರೂ ಆದೀತು, ಕೀಲಿಕೈಗೆ ಜವಾಬ್ದಾರರಾಗಿ ಇಬ್ಬರ ಸಹಿ ಪಡೆಯಲಿ.

ದಿನ ಮತ್ತು ವೇಳೆಯನ್ನು ಯೋಚಿಸಿಯೇ ನಿಗದಿ ಮಾಡಬೇಕಾಗುತ್ತದೆ. ನಮ್ಮಲ್ಲಿ ಬರೆಯುವವರು ಮೇಷ್ಟ್ರುಗಳಷ್ಟೇ ಅಲ್ಲ; ಹಟ್ಟಿಯ ಚಿನ್ನದ ಗಣಿಯಲ್ಲಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಮೇಲೆ ದುಡಿಯುವವರಿದ್ದಾರೆ, ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ, ರೈತರಿದ್ದಾರೆ. ‘ತಿಂಗಳ ಎರಡನೆಯ ಭಾನುವಾರ’ ಎಂದು ವರ್ಷಕ್ಕೊಮ್ಮೆ ಗೊತ್ತುಮಾಡಿಬಿಟ್ಟರೆ ಪಾಳಿಯವರು ಮೊದಲೇ ಅದಲುಬದಲು ಮಾಡಿಕೊಳ್ಳಬಲ್ಲರು. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದರಿಂದ ಮಾರ್ಚ್‌ನಿಂದ ಮೇ ತನಕ ಬೆಳಗಿನ ಹೊತ್ತೇ ಸರಿ. ಸಂಜೆಯ ಕೂಟವಾದರೆ ದೇವದುರ್ಗ, ಮಸ್ಕಿ, ಲಿಂಗಸುಗೂರು ಕಡೆಯ ಹೆಣ್ಣುಮಕ್ಕಳು ಕತ್ತಲಾಗುವ ಮುನ್ನ ಮನೆ ಸೇರುವಂತೆ ಮುಗಿಯಬೇಕು.

ಕೂಟ ನಡೆಸುವ ಕ್ರಮದ ಬಗ್ಗೆಯೂ ಒಂದು ಮಾತು. ಒಂದು ಸಲಕ್ಕೆ ಇಬ್ಬರ ಬರಹಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು. ಚರ್ಚೆ ನಡೆಯುವಾಗ ಬರೆದವರು ಸುಮ್ಮನೆ ಕೇಳಿಸಿಕೊಂಡು, ಎಲ್ಲ ಮುಗಿದ ಮೇಲೆ ಉತ್ತರಿಸುವುದು ಲೇಸು, ಏಕೆಂದರೆ ಪ್ರತಿ ಮಾತಿಗೂ ಸಮರ್ಥನೆಗೆ ನಿಂತರೆ ಚರ್ಚೆ ವಾದವಾಗಿ, ಎರಡನೆಯ ಸಲ ಯಾರೂ ನಿಜ ಹೇಳುವುದಿಲ್ಲ. ಹಿರಿಯ ಸಾಹಿತಿಗಳು ಅತಿಥಿಗಳಾಗಿ ಬಾರದೆ, ತಮ್ಮ ಹೊಸ ಕವಿತೆಯ ಹಸ್ತಪ್ರತಿಯನ್ನೂ ಕಿರಿಯರ ಮುಂದಿಡುವಂತಾದರೆ ಅದಕ್ಕಿಂತ ದೊಡ್ಡ ಪಾಠವಿಲ್ಲ. ಈ ಜಿಲ್ಲೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮನೆಮಾತಿನವರೂ ಕನ್ನಡದಲ್ಲಿ ಬರೆಯುತ್ತಿದ್ದಾರೆ. ಅವರ ವಾಕ್ಯಗಳಲ್ಲಿ ಮನೆಮಾತಿನ ಬನಿ ಕಂಡರೆ ಅದನ್ನು ತಪ್ಪೆಂದು ಹೊಡೆದುಹಾಕುವ ಮುನ್ನ ಕೂಟ ಒಮ್ಮೆ ಕಿವಿಗೊಟ್ಟು ಕೇಳಬೇಕು.

ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು, ಗ್ರಂಥಾಲಯ ಇಲಾಖೆ ಮತ್ತು ಜಿಲ್ಲಾಡಳಿತ ಒಟ್ಟಿಗೆ ಕುಳಿತು ಈ ವಿಷಯವನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ಮೊದಲಿಗೆ ರಾಯಚೂರು, ಸಿಂಧನೂರು ಮತ್ತು ಲಿಂಗಸುಗೂರಿನ ಗ್ರಂಥಾಲಯಗಳಲ್ಲಿ ಆರು ತಿಂಗಳ ಮಟ್ಟಿಗೆ ಪ್ರಯೋಗವಾಗಿ ಅನುಮತಿ ಕೊಡಲಿ. ಕೂಟದ ದಿನ, ಸ್ಥಳ ಮತ್ತು ಚರ್ಚೆಗೆ ಬರುವ ಬರಹಗಳ ಹೆಸರನ್ನು ತಮ್ಮ ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ ಅಂಕಣದಲ್ಲಿ ಪ್ರಕಟಿಸಿದರೆ ಹಳ್ಳಿಗಳಲ್ಲಿ ಒಂಟಿಯಾಗಿ ಕುಳಿತು ಬರೆಯುವವರಿಗೂ ಸುದ್ದಿ ಮುಟ್ಟುತ್ತದೆ.

ಇಂತು,
ನಿವೃತ್ತ ಕನ್ನಡ ಉಪನ್ಯಾಸಕಿ,
ರಾಯಚೂರು