ಗೆಳೆಯನಿಗೊಂದು ಪತ್ರ: ಡ್ರಮ್ಮಿನಲ್ಲಿ ಸಿಕ್ಕ ಹಾರುಗಪ್ಪೆ

ಪ್ರೀತಿಯ ಗೆಳೆಯನಿಗೆ,

ಕಕ್ಕಡದ, ಅಂದರೆ ಜುಲೈ–ಆಗಸ್ಟ್ ಹೊತ್ತಿನ ಮಳೆ ಕೆಲವು ದಿನ ಬಿಡುವು ಕೊಟ್ಟಾಗ ಕಾಫಿಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ ವಿಷಯವನ್ನು ಫೋನಿನಲ್ಲಿ ಹೇಳಿದ್ದೆನಷ್ಟೆ. ಆ ಸಂಜೆ ಡ್ರಮ್ಮಿನ ಬಾಯಿ ಮುಚ್ಚದೆ ಮನೆಗೆ ಬಂದವನು ನಾನೇ. ಮರುದಿನ ನೋಡಿದರೆ, ತಳದಲ್ಲಿ ಉಳಿದ ನೀಲಿ ನೀರಿನ ಮೇಲೆ, ಒಳಗೋಡೆಗೆ ಅಂಟಿಕೊಂಡು ಒಂದು ಹಾರುಗಪ್ಪೆ ಕುಳಿತಿತ್ತು. ನಮ್ಮ ತೋಟದಲ್ಲಿ ಮಳೆಗಾಲದುದ್ದಕ್ಕೂ ಕೂಗುವ, ಬೆರಳುಗಳ ನಡುವೆ ಕಿತ್ತಳೆಗೆಂಪು ಪೊರೆಯಿರುವ ಹಸಿರು ಕಪ್ಪೆಯೇ ಅದು. ಆದರೆ ಬೆನ್ನಿನ ಹಸಿರು ಕಪ್ಪಿಟ್ಟಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಹೊಟ್ಟೆ ತೊಡೆಗಳಿಗೆ ಮೈಲುತುತ್ತದ ಮಡ್ಡಿ ಮೆತ್ತಿತ್ತು.

100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರೆಸಿ ತಲೆಮಾರುಗಳಿಂದ ಹೊಡೆಯುತ್ತ ಬಂದಿರುವ ನಮಗೆ ಆ ಬೋರ್ಡೋ ದ್ರಾವಣ ಔಷಧಿ. ಆದರೆ ಮೈಲುತುತ್ತದಲ್ಲಿರುವ ತಾಮ್ರ ಕಪ್ಪೆಗೆ ವಿಷ. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ತೆಳು ಚರ್ಮವನ್ನು ಒದ್ದೆ ಜಾಗಕ್ಕೆ ಒತ್ತಿ ಕುಳಿತು ನೀರನ್ನು ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದ ಮೂಲಕವೇ ನಡೆಯುತ್ತದೆ. ವಿಷ ಮೆತ್ತಿದ್ದು ಸರಿಯಾಗಿ ಆ ಜಾಗಕ್ಕೇ ಎಂಬುದು ತಿಳಿದಾಗ ನನಗಾದ ಸಂಕಟವನ್ನು ಹೇಗೆ ಬರೆಯಲಿ?

ಮನೆಯ ಹಿರಿಯರು ಕರುಣೆಯಿಂದಲೇ ಅರಿಶಿನ ಕಲಸಿದ ತೆಂಗಿನೆಣ್ಣೆ ತಂದರು. ಹಚ್ಚುವ ಮೊದಲು ಪರಿಚಯದ ಪಶುವೈದ್ಯರೊಬ್ಬರಿಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು. ಎಣ್ಣೆ ಬೇಡ, ಮುಲಾಮು ಬೇಡ, ಅದರಲ್ಲೂ ನೋವು ಮರಗಟ್ಟಿಸುವ ಮದ್ದು ಸೇರಿದ ಮುಲಾಮು ಬೇಡವೇ ಬೇಡ, ಶುದ್ಧ ನೀರೊಂದೇ ಸಾಕು ಎಂದರು. ಸೋಪಿನ ಅಂಶ ಉಳಿಯದಂತೆ ಕೈ ತೊಳೆದು, ಒದ್ದೆ ಕೈಯಲ್ಲೇ ಹಿಡಿದು, ಹಂಡೆಯಲ್ಲಿ ಹಿಡಿದಿಟ್ಟಿದ್ದ ಮಳೆನೀರನ್ನು ನಿಧಾನವಾಗಿ ಸುರಿಯುತ್ತ ಮಡ್ಡಿ ಹೋಗುವವರೆಗೂ ತೊಳೆದೆ. ನಲ್ಲಿ ನೀರಿನ ಕ್ಲೋರಿನ್ ಕೂಡ ಕಪ್ಪೆಯ ಚರ್ಮಕ್ಕೆ ಕೆಡುಕು; ನಿನ್ನ ಊರಿನಲ್ಲಿ ಇಂಥ ಪ್ರಸಂಗ ಬಂದರೆ ಇದನ್ನು ಮರೆಯಬೇಡ.

ಹಳೆಯ ಅಗಲ ಬಕೆಟ್ಟಿಗೆ ಬಲೆ ಕಟ್ಟಿ, ತಳಕ್ಕೆ ಬಿಳಿ ಬಟ್ಟೆ ಹಾಸಿ, ಅರ್ಧ ಬೆರಳು ನೀರು ಬಿಟ್ಟು ಹಿಂಬದಿಯ ಕತ್ತಲೆ ಕೋಣೆಯಲ್ಲಿ ಇರಿಸಿದೆ. ಸೋತ ಮರಗಪ್ಪೆ ಹೆಚ್ಚು ನೀರಿನಲ್ಲಿ ಮುಳುಗಿ ಸಾಯಬಹುದು. ದಿನಕ್ಕೆರಡು ಬಾರಿ ನೀರು, ಬಟ್ಟೆ ಬದಲಾಯಿಸುತ್ತಿದ್ದೆ. ಹಳೆಯ ನೀರನ್ನು ತೋಡಿಗೆ ಚೆಲ್ಲದೆ ದೂರದ ಒಣ ಗುಂಡಿಗೆ ಸುರಿಯುತ್ತಿದ್ದೆ. ಜಗತ್ತಿನ ಅನೇಕ ಕಪ್ಪೆ ಜಾತಿಗಳನ್ನು ಅಳಿಸಿದ, ನಮ್ಮ ಪಶ್ಚಿಮ ಘಟ್ಟದಲ್ಲೂ ಕಂಡುಬಂದಿರುವ ಕೈಟ್ರಿಡ್ ಶಿಲೀಂಧ್ರ ನೀರಿನ ಮೂಲಕವೂ ಹರಡುವುದರಿಂದ, ಕಾಯಿಲೆಯ ಕಪ್ಪೆ ಕೂತ ನೀರನ್ನು ಕುರಿತು ಯಾರೂ ಅಸಡ್ಡೆ ಮಾಡಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಮೊದಲ ಮೂರು ದಿನ ಅದು ನೆಲ ಬಿಟ್ಟು ಏಳಲಿಲ್ಲ. ಬಾಯಿ ಬಿಡಿಸಿ ಏನಾದರೂ ತಿನ್ನಿಸಬೇಕೆಂದು ಜೀವ ಚಡಪಡಿಸುತ್ತಿತ್ತು, ಆದರೆ ವೈದ್ಯರ ಮಾತಿನಂತೆ ತಡೆದುಕೊಂಡೆ. ಐದನೆಯ ರಾತ್ರಿ ಟಾರ್ಚಿನ ಬೆಳಕನ್ನು ಕೈಯಿಂದ ಮರೆಮಾಡಿ ನೋಡಿದಾಗ ಬಕೆಟ್ಟಿನ ಒಳಗೋಡೆಯ ಮೇಲೆ ಒಂದು ಗೇಣು ಹತ್ತಿತ್ತು. ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಚಿಕ್ಕದಾದ ಮಿಡತೆಯೊಂದನ್ನು ಬಿಟ್ಟೆ. ಅಲುಗದ ಆಹಾರ ಅದಕ್ಕೆ ಆಹಾರವೆಂದೇ ತೋರುವುದಿಲ್ಲ. ಮಿಡತೆ ಕಾಲಾಡಿಸಿದ್ದೇ ತಡ, ನಾಲಗೆ ಚಾಚಿತು. ನುಂಗುವಾಗ ಎರಡೂ ಕಣ್ಣು ಒಳಕ್ಕೆ ಇಳಿದು ತುತ್ತನ್ನು ಗಂಟಲಿಗೆ ತಳ್ಳಿದವು. ಆ ರಾತ್ರಿ ನಾನು ನೆಮ್ಮದಿಯಿಂದ ಮಲಗಿದೆ.

ಗುಣವಾದರೆ ಗಾಜಿನ ಪೆಟ್ಟಿಗೆಯಲ್ಲಿ ಸಾಕಲು ಕೊಡುವೆಯಾ ಎಂದು ನೀನು ಕೇಳಿದ್ದೆ. ಬೇಸರ ಮಾಡಿಕೊಳ್ಳಬೇಡ, ಕೊಡಲಾರೆ. ಮರದಿಂದ ಮರಕ್ಕೆ ತೇಲಲೆಂದು ಬಂದ ಆ ಪೊರೆಗೆ ಪೆಟ್ಟಿಗೆಯೊಳಗೆ ಕೆಲಸವಿಲ್ಲ. ಈಗ ಬೆನ್ನು ಮತ್ತೆ ಎಳೆಹಸಿರಾಗಿದೆ, ಬೆನ್ನಡಿಯಾಗಿಸಿದರೆ ಕ್ಷಣದಲ್ಲಿ ಮಗುಚಿಕೊಳ್ಳುತ್ತದೆ. ಶನಿವಾರ ಕತ್ತಲಾಗುವ ಮೊದಲೇ ಬಾ. ಮದ್ದು ಹೊಡೆಯದ ಮೇಲಿನ ಕೆರೆಯ ಬಳಿ, ಜೂನ್ ತಿಂಗಳಲ್ಲಿ ನೊರೆಗೂಡುಗಳು ನೇತಾಡಿದ್ದ ಕೊಂಬೆಯಲ್ಲೇ ಅದನ್ನು ಬಿಡೋಣ. ಡ್ರಮ್ಮಿಗೆ ಮುಚ್ಚಳ ಮಾಡಿಸಿದ್ದೇನೆ.

ಇಂತಿ ನಿನ್ನ ಗೆಳೆಯ