ಶೇ 99 ಎನ್ನುವಾಗ ಎಣಿಸಿದ್ದು ಏನನ್ನು?

ಸಂಪಾದಕರಿಗೆ,

ಮಾನ್ಯರೇ,

ಮನುಷ್ಯನ ಮತ್ತು ಚಿಂಪಾಂಜಿಯ ಡಿಎನ್‌ಎ ಶೇ 99ರಷ್ಟು ಒಂದೇ ಎಂಬ ಮಾತು ವಿಜ್ಞಾನ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಏನನ್ನು ಎಣಿಸಿದಾಗ ಈ ಅಂಕಿ ಬಂತು ಎಂಬ ವಿವರ ಮಾತ್ರ ಬರುವುದೇ ಅಪರೂಪ. ಜೀವಶಾಸ್ತ್ರ ಪಾಠ ಹೇಳುವ ನಾನು ಇದರ ಪರಿಣಾಮವನ್ನು ತರಗತಿಯಲ್ಲೇ ಕಂಡಿದ್ದೇನೆ. ‘ತಂಗಿಗೂ ನನಗೂ ಅರ್ಧದಷ್ಟು ಜೀನುಗಳು ಸಮಾನ ಅಂತ ನೀವೇ ಹೇಳಿದ್ರಿ, ಮೇಡಂ. ಹಾಗಾದ್ರೆ ತಂಗಿಗಿಂತ ಚಿಂಪಾಂಜಿಯೇ ನನಗೆ ಹತ್ತಿರವಾ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅವಳ ತರ್ಕದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದು ನಾವು ಕೊಟ್ಟ ಅಂಕಿಗಳಲ್ಲಿ. ಒಡಹುಟ್ಟಿದವರ ‘ಅರ್ಧ’ವು ಹೆತ್ತವರಿಂದ ಬಂದ ಯಾವ ಪ್ರತಿ ಇಬ್ಬರಿಗೂ ಒಂದೇ ಎಂಬುದರ ಲೆಕ್ಕ; ಶೇ 99 ಎಂಬುದು ಡಿಎನ್‌ಎಯ ಅಕ್ಷರಗಳನ್ನು (ಎ, ಟಿ, ಜಿ, ಸಿ ಎಂದು ಗುರುತಿಸುವ ರಾಸಾಯನಿಕ ಘಟಕಗಳನ್ನು) ಅಕ್ಕಪಕ್ಕ ಇಟ್ಟು ಹೋಲಿಸಿದ ಲೆಕ್ಕ. ಈ ಎರಡನೆಯ ಲೆಕ್ಕದಲ್ಲಿ ಯಾವುದೇ ಇಬ್ಬರು ಮನುಷ್ಯರ ನಡುವಿನ ಹೋಲಿಕೆ ಸುಮಾರು ಶೇ 99.9.

2005ರಲ್ಲಿ ಚಿಂಪಾಂಜಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎಯ ಅಕ್ಷರಸರಣಿ, ಪ್ರಕಟವಾದಾಗ ಮನುಷ್ಯನದರೊಂದಿಗೆ ಹೊಂದಿಸಿ ನೋಡಲು ಸಾಧ್ಯವಾದ ಭಾಗಗಳಲ್ಲಿ ಸುಮಾರು 3.5 ಕೋಟಿ ಕಡೆ ಒಂದೊಂದು ಅಕ್ಷರ ಬೇರೆಯಾಗಿತ್ತು. ಅದು ಶೇ 1.2ರ ಆಸುಪಾಸಿನ ವ್ಯತ್ಯಾಸ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ತುಣುಕುಗಳನ್ನೂ ಸೇರಿಸಿದರೆ ಅದೇ ವ್ಯತ್ಯಾಸ ಶೇ 4ರ ಹತ್ತಿರಕ್ಕೆ ಹೋಗುತ್ತದೆ. ಎರಡೂ ನಿಜವೇ. ಅಷ್ಟೇ ಅಲ್ಲ, ವ್ಯತ್ಯಾಸ ಎಷ್ಟು ಎಂಬುದಕ್ಕಿಂತ ಎಲ್ಲಿದೆ ಎಂಬುದೇ ಮುಖ್ಯವಾಗಬಹುದು: ಎರಡೂ ಜೀವಿಗಳ ಪ್ರೋಟೀನುಗಳು ಇಷ್ಟೊಂದು ಹೋಲುವಾಗ, ಅಂತರಕ್ಕೆ ಕಾರಣ ಜೀನುಗಳು ಯಾವಾಗ, ಎಲ್ಲಿ, ಎಷ್ಟು ಕೆಲಸ ಮಾಡುತ್ತವೆ ಎಂಬುದರಲ್ಲಿ ಇರಬೇಕು ಎಂದು ವಿಜ್ಞಾನಿಗಳಾದ ಮೇರಿ-ಕ್ಲೇರ್ ಕಿಂಗ್ ಮತ್ತು ಅಲನ್ ವಿಲ್ಸನ್ 1975ರಲ್ಲೇ ವಾದಿಸಿದ್ದರು.

ನನಗೆ ಬೇಸರ ತರುವುದು, ಈ ಶೇಕಡಾವಾರಿನ ಗದ್ದಲದಲ್ಲಿ ಬಂಧುತ್ವದ ನಿಜವಾದ ಗುರುತುಗಳು ಓದುಗರನ್ನು ತಲುಪದೇ ಹೋಗುವುದು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24 ಜೊತೆ ವರ್ಣತಂತುಗಳಿವೆ (ಕ್ರೋಮೋಸೋಮ್, ಡಿಎನ್‌ಎಯನ್ನು ಹೊತ್ತ ಎಳೆಗಳು), ನಮಗೆ 23. ನಮ್ಮ ಎರಡನೆಯ ವರ್ಣತಂತುವಿನ ನಡುವೆ ಒಂದು ಜಾಗವಿದೆ. ಸಾಮಾನ್ಯವಾಗಿ ವರ್ಣತಂತುವಿನ ತುದಿಯಲ್ಲಿ ಮಾತ್ರ ಸಾಲುಸಾಲಾಗಿ ಬರುವ ‘ಟಿಟಿಎಜಿಜಿಜಿ’ ಎಂಬ ಆರಕ್ಷರದ ಸರಣಿ ಅಲ್ಲಿ ಎರಡು ಕಡೆಯಿಂದ ಬಂದು ಎದುರುಬದುರಾಗಿ ಕೂಡಿದೆ. ಅಕ್ಷರಗಳು ಅಲ್ಲಲ್ಲಿ ಸವೆದಿದ್ದರೂ ಗುರುತು ಸಿಗುತ್ತದೆ. ಅದೇ ವರ್ಣತಂತುವಿನಲ್ಲಿ, ಕೆಲಸ ನಿಂತುಹೋದ ಇನ್ನೊಂದು ಸೆಂಟ್ರೊಮಿಯರ್‌ನ (ಕೋಶ ಒಡೆಯುವಾಗ ವರ್ಣತಂತುವನ್ನು ಹಿಡಿದೆಳೆಯುವ ಜಾಗ, ಸಾಮಾನ್ಯವಾಗಿ ಒಂದಕ್ಕೆ ಒಂದೇ) ಅವಶೇಷವೂ ಉಳಿದಿದೆ. ಚಿಂಪಾಂಜಿ, ಗೊರಿಲ್ಲಾದಂಥ ಬಾಲವಿಲ್ಲದ ವಾನರಗಳಲ್ಲಿ ಇಂದಿಗೂ ಬೇರೆಬೇರೆಯಾಗಿರುವ ಎರಡು ವರ್ಣತಂತುಗಳು ನಮ್ಮ ಪೂರ್ವಜರಲ್ಲಿ ಬೆಸೆದುಕೊಂಡದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೇ? ಹೆಚ್ಚಿನ ಸಸ್ತನಿಗಳು ತಮ್ಮ ದೇಹದಲ್ಲೇ ವಿಟಮಿನ್ ಸಿ ತಯಾರಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದ ಜೀನ್ ನಮ್ಮಲ್ಲೂ ವಾನರ, ಕೋತಿಗಳಲ್ಲೂ ಕೆಟ್ಟು ಕೂತಿದೆ. ಒಂದೇ ತಪ್ಪು ಹೀಗೆ ಎಲ್ಲರಲ್ಲೂ ಇದ್ದರೆ, ಅದು ಒಂದೇ ಮೂಲಪ್ರತಿಯಿಂದ ಇಳಿದು ಬಂದಿರಬೇಕು ಎಂದು ಹಸ್ತಪ್ರತಿಗಳನ್ನು ಹೋಲಿಸುವವರು ಊಹಿಸುವಂತೆಯೇ ಇಲ್ಲೂ ಊಹಿಸಬಹುದು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಇಂಥ ಅಂಕಿ ಅಚ್ಚಾಗುವಾಗ ಅದರ ಪಕ್ಕದಲ್ಲಿ, ಏನನ್ನು ಹೋಲಿಸಲಾಗಿದೆ ಎಂಬ ಒಂದು ಸಾಲಾದರೂ ಇರಲಿ. ಜೊತೆಗೆ, ಬಾಗಿದ ಚಿಂಪಾಂಜಿ ಹಂತಹಂತವಾಗಿ ನೆಟ್ಟಗಾಗಿ ಮನುಷ್ಯನಾಗುವ ಆ ಚಿತ್ರವನ್ನು ದಯವಿಟ್ಟು ಕೈಬಿಡಿ. ಚಿಂಪಾಂಜಿ ನಮ್ಮ ಪೂರ್ವಜನಲ್ಲ. ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಬದುಕಿದ್ದ ಪೂರ್ವಜರಿಂದ ಕವಲೊಡೆದ ಮೇಲೆ, ನಮ್ಮ ವಂಶದಷ್ಟೇ ಕಾಲ ಅದರ ವಂಶವೂ ಬದಲಾಗುತ್ತ ಬಂದಿದೆ.

ಇತಿ,
ಜೀವಶಾಸ್ತ್ರ ಅಧ್ಯಾಪಕಿ