ಹೆಸರು ಹಾಕಬೇಡ ಅಂದ ಆಂಟಿಗೆ

ನಮ್ಮ ಚರ್ಚ್ ಸಭೆಯಲ್ಲಿ ನನ್ನ ಇಂಟರ್ನ್‌ಶಿಪ್ ಮುಗಿಯಿತು. ಸಭಾಪಾಲಕರಿಗೂ ಹಿರಿಯರಿಗೂ ಎದುರಿಗೇ ಥ್ಯಾಂಕ್ಸ್ ಹೇಳಿದ್ದೇನೆ. ಇದು ನಿಮಗೆ, ಆಂಟಿ.

ಬೆಂಗಳೂರಿನಲ್ಲಿ ದೇವರ ವಾಕ್ಯ ಕಲಿಯೋಕೆ ಜಾಗಕ್ಕೇನೂ ಕೊರತೆಯಿಲ್ಲ. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಶುರುವಾಗಿದ್ದೇ 1910ರಲ್ಲಿ. ಆದರೆ ಕಾಯಿಲೆಯವರ ಹಾಸಿಗೆ ಪಕ್ಕ ಹೇಗೆ ಇರಬೇಕು ಅನ್ನೋದು ತರಗತಿಯಲ್ಲಿ ಪೂರ್ತಿ ಬರುವುದಿಲ್ಲ. ಸಭೆಯಲ್ಲಿ ಅನುಭವಸ್ಥರ ಜೊತೆ ಓಡಾಡಿಯೇ ಬರಬೇಕು, ಅಲ್ವಾ?

ನೀವು ನರ್ಸ್ ಆಗಿದ್ದವರು. ವಿಸಿಟಿಂಗ್ ಅವರ್ಸ್‌ಗೆ ಸರಿಯಾಗಿ ಆಸ್ಪತ್ರೆ ಗೇಟಿನಲ್ಲಿ ನನಗಾಗಿ ಕಾಯುತ್ತಿದ್ದಿರಿ. ನೀವು ಹೇಳಿಕೊಟ್ಟಿದ್ದು ಇಷ್ಟು: ಮಂಚದ ಮೇಲೆ ಕೂರಬೇಡ, ಸ್ಟೂಲ್ ಎಳೆದುಕೋ. ಮೊದಲು ಅವರ ಮಾತು ಕೇಳು. ಪ್ರಾರ್ಥನೆ ಮಾಡಲಾ ಅಂತ ಕೇಳಿಯೇ ಮಾಡು, ಚಿಕ್ಕದಾಗಿ ಮಾಡು. ಹೊರಡುವಾಗ ಜೊತೆಗಿರುವವರನ್ನು ಊಟ ಆಯ್ತಾ ಅಂತ ವಿಚಾರಿಸು. ಈ ಕೊನೆಯ ಮಾತಿನ ಬೆಲೆ ಒಂದು ದಿನ ವಾರ್ಡಿನಲ್ಲಿ ಗೊತ್ತಾಯಿತು. ಮಗನ ಪಕ್ಕ ಕೂತಿದ್ದ ತಾಯಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನೀವು ನನ್ನನ್ನು ಹುಡುಗನ ಹತ್ತಿರ ಕೂರಿಸಿ, ಬ್ಯಾಗಿನಿಂದ ಚಪಾತಿ ಡಬ್ಬಿ ತೆಗೆದು, ಅವರನ್ನು ಹೊರಗೆ ಕರೆದುಕೊಂಡು ಹೋದಿರಿ.

ನಾಯಕತ್ವದ ಸೆಮಿನಾರ್‌ಗಳು ಈಗ ಜಾಸ್ತಿ. ಇರಲಿ, ಅವೂ ಬೇಕು. ಆದರೆ ಶಿಷ್ಯರ ಕಾಲು ತೊಳೆದ ಯೇಸುವಿನ ಹಿಂದೆ ನಡೆಯುವ ನಾಯಕರು ಬೇಕು ಅಂದ್ರೆ, ಪ್ರತಿ ಸಭೆಯಲ್ಲೂ ಇಂಟರ್ನ್‌ಗಳನ್ನು ನಿಮ್ಮಂಥವರ ಕೈಗೆ ಒಪ್ಪಿಸಬೇಕು. ಕಮಿಟಿಗೂ ಹಾಗೇ ಬರೆದುಕೊಟ್ಟಿದ್ದೇನೆ.

ತುಂಬಾ ಥ್ಯಾಂಕ್ಸ್ ಆಂಟಿ. ಮುಂದೆ ಬರುವವರನ್ನೂ ಹೀಗೇ ಜೊತೆಗೆ ಕರೆದುಕೊಂಡು ಹೋಗಿ.